ಕಲಾಕೃತಿಗಳ ಮಾರಾಟಕ್ಕೆ ಸ್ವಂತ ಜಾಲತಾಣ: ಕಟ್ಟುವ ಮತ್ತು ನಡೆಸುವ ಬಗೆ

ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರೂ ಗದಗಿನಲ್ಲಿ ಟಿ.ಪಿ. ಅಕ್ಕಿಯವರೂ ಚಿತ್ರಕಲಾ ಶಾಲೆಗಳನ್ನು ಕಟ್ಟಿ ತಲೆಮಾರುಗಳನ್ನು ತಯಾರು ಮಾಡಿದ ಈ ಭಾಗದಲ್ಲಿ ಚಿತ್ರ ಬರೆಯುವವರಿಗೆ ಎಂದೂ ಕೊರತೆಯಾಗಿಲ್ಲ. ಕೊರತೆ ಏನಿದ್ದರೂ ಕೊಳ್ಳುವವರದ್ದು. ಊರಿನ ಗ್ಯಾಲರಿಯಲ್ಲಿ ಕೆಲವು ದಿನ ಪ್ರದರ್ಶನ ಏರ್ಪಡಿಸಿದರೆ ಬಂದು ನೋಡಿ ಮೆಚ್ಚುವವರು ಬಹುಪಾಲು ಸಹಕಲಾವಿದರು ಮತ್ತು ವಿದ್ಯಾರ್ಥಿಗಳೇ ಆಗಿರುತ್ತಾರೆ. ಹಣ ಕೊಟ್ಟು ಗೋಡೆಗೆ ಹಾಕಿಕೊಳ್ಳಬಲ್ಲವರು ಬೆಂಗಳೂರಿನಲ್ಲೋ ಪುಣೆಯಲ್ಲೋ ಇರುತ್ತಾರೆ. ಅವರನ್ನು ತಲುಪಲು ಇನ್‌ಸ್ಟಾಗ್ರಾಮ್ ಸಾಕೆಂದು ಅನೇಕರು ಭಾವಿಸಿದ್ದಾರೆ. ಗಮನ ಸೆಳೆಯಲು ಅದು ಸಾಕು, ಆದರೆ ಮೂರು ತಿಂಗಳ ಹಿಂದೆ ಹಾಕಿದ ಚಿತ್ರದ ಅಳತೆ ಎಷ್ಟು, ಬೆಲೆ ಎಷ್ಟು, ಅದು ಇನ್ನೂ ಮಾರಾಟಕ್ಕಿದೆಯೇ ಎಂಬುದು ಅಲ್ಲಿ ಯಾರಿಗೂ ಸಿಗುವುದಿಲ್ಲ. ಚಿತ್ರದ ಎದುರು ಬಂದು ನಿಲ್ಲಲಾರದ ವ್ಯಕ್ತಿಯ ಸಂಶಯಗಳನ್ನು ಒಂದೊಂದಾಗಿ ನಿವಾರಿಸುವುದೇ ಜಾಲತಾಣದ ಕೆಲಸ. ಮುಂದೆ ಹೇಳುವ ಪ್ರತಿಯೊಂದು ಹಂತವನ್ನೂ ಇದೇ ದೃಷ್ಟಿಯಿಂದ ನೋಡಬೇಕು.

ಮೊದಲು ಪಟ್ಟಿ, ಆಮೇಲೆ ತಾಣ

ಜಾಲತಾಣದ ವಿನ್ಯಾಸದ ಮಾತೆತ್ತುವ ಮೊದಲು ಒಂದು ವಹಿಯಲ್ಲಿ ಅಥವಾ ಎಕ್ಸೆಲ್ ಹಾಳೆಯಲ್ಲಿ ಕೃತಿಗಳ ಪಟ್ಟಿ ಸಿದ್ಧವಾಗಬೇಕು. ಕ್ರಮಸಂಖ್ಯೆ, ಶೀರ್ಷಿಕೆ, ಬರೆದ ವರ್ಷ, ಮಾಧ್ಯಮ, ಯಾವುದರ ಮೇಲೆ ಬರೆದದ್ದು, ಚೌಕಟ್ಟಿಲ್ಲದ ಅಳತೆ, ಚೌಕಟ್ಟು ಸೇರಿದ ಅಳತೆ, ಬೆಲೆ, ಮತ್ತು ಆ ಕೃತಿ ಈಗ ಎಲ್ಲಿದೆ ಎಂಬ ವಿವರ ಅದರಲ್ಲಿರಲಿ. ಕೊನೆಯದು ಅನಗತ್ಯವೆಂದು ತೋರಬಹುದು. ಆದರೆ ಯಾವುದೋ ಗ್ಯಾಲರಿಗೆ ಕೊಟ್ಟು ಮರೆತ ಕೃತಿಯನ್ನು ತಾಣದಲ್ಲಿ ಮಾರಿ, ಹಣ ಪಡೆದ ಮೇಲೆ ಅದು ಅಲ್ಲಿಯೇ ಬೇರೆಯವರ ಪಾಲಾಗಿದೆ ಎಂದು ತಿಳಿಯುವುದು ಗ್ರಾಹಕನನ್ನು ಕಳೆದುಕೊಳ್ಳುವ ಖಚಿತ ದಾರಿ. ಕ್ರಮಸಂಖ್ಯೆಯನ್ನು ಪೆನ್ಸಿಲ್‌ನಿಂದ ಕೃತಿಯ ಹಿಂಬದಿಯಲ್ಲೂ ಬರೆದಿಡಬೇಕು. ಆರಂಭಕ್ಕೆ ಹದಿನೈದು ಇಪ್ಪತ್ತು ಕೃತಿಗಳು ಸಾಕು. ವಿದ್ಯಾರ್ಥಿ ದೆಸೆಯ ಅಭ್ಯಾಸಗಳನ್ನೆಲ್ಲ ಸುರಿದರೆ ಒಳ್ಳೆಯ ಕೃತಿಗಳು ಅವುಗಳ ನಡುವೆ ಮುಚ್ಚಿಹೋಗುತ್ತವೆ.

ಛಾಯಾಚಿತ್ರಕ್ಕೆ ಅತಿ ಹೆಚ್ಚು ಸಮಯ ಕೊಡಿ

ತಾಣಕ್ಕೆ ಎಷ್ಟು ಹಣ ಸುರಿದರೂ ಕೆಟ್ಟ ಛಾಯಾಚಿತ್ರವನ್ನು ಅದು ಉಳಿಸಲಾರದು. ಒಳ್ಳೆಯ ಛಾಯಾಚಿತ್ರಕ್ಕೆ ದುಬಾರಿ ಕ್ಯಾಮೆರಾ ಬೇಕಿಲ್ಲ, ಬೇಕಾದದ್ದು ನೆರಳಿನ ಸಮ ಬೆಳಕು. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿದ ಹಗಲುಗಳು ಬೇಕಾದಷ್ಟು ಸಿಗುತ್ತವೆ, ಧಾರವಾಡದಲ್ಲಂತೂ ಕೇಳುವುದೇ ಬೇಡ. ಉಳಿದ ಕಾಲದಲ್ಲಿ ಉತ್ತರಕ್ಕೆ ತೆರೆದ ಪಡಸಾಲೆಯ ಬೆಳಕು ಸಾಕು. ನೇರ ಬಿಸಿಲು ಬೇಡ, ಟ್ಯೂಬ್‌ಲೈಟ್ ಮತ್ತು ಹಗಲಿನ ಬೆಳಕು ಎರಡನ್ನೂ ಬೆರೆಸುವುದಂತೂ ಬೇಡವೇ ಬೇಡ. ಪಕ್ಕದ ಗೋಡೆ ಹಸಿರೋ ನೀಲಿಯೋ ಆಗಿದ್ದರೆ ಅದರ ಛಾಯೆ ಬಿಳಿ ಕಾಗದದ ಮೇಲೆ ಬೀಳುತ್ತದೆ, ಜಲವರ್ಣ ಚಿತ್ರದಲ್ಲಿ ಇದು ಎದ್ದು ಕಾಣುತ್ತದೆ. ಆ ಗೋಡೆಗೆ ಒಂದು ಬಿಳಿ ಬೆಡ್‌ಶೀಟ್ ಇಳಿಬಿಟ್ಟರೆ ತೊಂದರೆ ನಿವಾರಣೆಯಾಗುತ್ತದೆ.

ಗಾಜು ಹಾಕಿದ ಚಿತ್ರವಾಗಿದ್ದರೆ ಗಾಜನ್ನು ಬಿಚ್ಚಿಯೇ ಫೋಟೊ ತೆಗೆಯಬೇಕು. ಇಲ್ಲದಿದ್ದರೆ ಗ್ರಾಹಕರಿಗೆ ಚಿತ್ರಕ್ಕಿಂತ ಹೆಚ್ಚಾಗಿ ಕಲಾವಿದರ ಅಂಗಿಯೇ ಕಾಣುತ್ತದೆ. ಚಿತ್ರವನ್ನು ಓರೆಯಾಗಿ ಒರಗಿಸದೆ ಗೋಡೆಗೆ ನೆಟ್ಟಗೆ ತೂಗುಹಾಕಿ, ಕ್ಯಾಮೆರಾದ ಲೆನ್ಸು ಚಿತ್ರದ ನಡುಮಧ್ಯದ ಎತ್ತರಕ್ಕೆ ಬರುವಂತೆ ಟ್ರೈಪಾಡ್ ನಿಲ್ಲಿಸಬೇಕು. ಮೊಬೈಲ್ ಫೋನಿನಲ್ಲಿ ತೀರ ಹತ್ತಿರದಿಂದ ತೆಗೆದರೆ ಅಂಚುಗಳು ಬಾಗುತ್ತವೆ, ಆದ್ದರಿಂದ ತುಸು ಹಿಂದೆ ಸರಿದು ಫೋನಿನ ಎರಡು ಪಟ್ಟಿನ ಲೆನ್ಸನ್ನು ಬಳಸುವುದು ಲೇಸು. ಬಣ್ಣವನ್ನು ತಾನಾಗಿಯೇ ಗಾಢಗೊಳಿಸುವ ಎಲ್ಲ ಸೌಲಭ್ಯಗಳನ್ನೂ ಬಂದ್ ಮಾಡಿ, ಎರಡು ಸೆಕೆಂಡಿನ ಟೈಮರ್ ಇಟ್ಟರೆ ಕೈ ತಾಗಿದ ಅದುರು ಬರುವುದಿಲ್ಲ. ಮೊದಲ ಫೋಟೊದಲ್ಲಿ ಚಿತ್ರದ ಪಕ್ಕ ಬೂದು ಬಣ್ಣದ ಗ್ರೇ ಕಾರ್ಡನ್ನು ಇಟ್ಟುಕೊಂಡರೆ ಆಮೇಲೆ ಕಂಪ್ಯೂಟರಿನಲ್ಲಿ ಬಣ್ಣ ಸರಿಪಡಿಸುವಾಗ ಊಹೆಗೆ ಕೆಲಸವಿರುವುದಿಲ್ಲ. ಸರಿಪಡಿಸುವಾಗ ಮೂಲಚಿತ್ರ ಹಗಲು ಬೆಳಕಿನಲ್ಲಿ ಕಣ್ಣೆದುರೇ ಇರಬೇಕು. ತೆರೆಯ ಮೇಲೆ ಮೂಲಕ್ಕಿಂತ ಸೊಗಸಾಗಿ ಕಂಡರೆ ಅದು ದೋಷವೇ, ಏಕೆಂದರೆ ಪಾರ್ಸಲ್ ಬಿಚ್ಚಿದ ದಿನ ಗ್ರಾಹಕರ ಮುಖ ಇಳಿಯುವುದು ಅಲ್ಲಿಯೇ.

ಒಂದು ಕೃತಿಗೆ ಒಂದೇ ಫೋಟೊ ಸಾಲದು. ಪೂರ್ಣ ಚಿತ್ರ, ಕುಂಚದ ಗೆರೆ ಕಾಣುವ ಸಮೀಪದ ನೋಟ, ಸಹಿ, ಕ್ಯಾನ್ವಾಸಿನ ಅಂಚು, ಹಿಂಬದಿ, ಮತ್ತು ಕುರ್ಚಿಯೋ ಮೇಜೋ ಇರುವ ಗೋಡೆಯ ಮೇಲೆ ತೂಗುಹಾಕಿದ ನೋಟ, ಇಷ್ಟಾದರೂ ಇರಲಿ. ಅಳತೆಯನ್ನು ಅಂಕಿಯಲ್ಲಿ ಓದಿ ಗಾತ್ರ ಊಹಿಸಬಲ್ಲವರು ಕಡಿಮೆ, ಕುರ್ಚಿಯ ಪಕ್ಕದಲ್ಲಿ ಕಂಡರೆ ಎಲ್ಲರಿಗೂ ತಿಳಿಯುತ್ತದೆ. ಶಿಲ್ಪಕ್ಕೆ ಇದು ಇನ್ನೂ ಮುಖ್ಯ: ಶಿಗ್ಗಾವಿ ಬಳಿಯ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ನಿನಲ್ಲಿ ಟಿ.ಬಿ. ಸೊಲಬಕ್ಕನವರ ಅವರ ಕಲ್ಪನೆಯ ಗ್ರಾಮಜೀವನದ ಶಿಲ್ಪಗಳು ಆಳೆತ್ತರದವೆಂದು ನೋಡಿದವರಿಗೆ ಗೊತ್ತು, ಆದರೆ ಪಕ್ಕದಲ್ಲಿ ಜನರಿಲ್ಲದ ಫೋಟೊದಲ್ಲಿ ಅವನ್ನು ಮೇಜಿನ ಮೇಲಿನ ಬೊಂಬೆಗಳೆಂದೂ ತಿಳಿಯಬಹುದು. ಕಸೂತಿ ಮಾರುವವರು ಬಟ್ಟೆಯ ಹಿಂಬದಿಯನ್ನು ತಪ್ಪದೆ ತೋರಿಸಬೇಕು. ಗವಂತಿ ಮತ್ತು ಮುರ್ಗಿ ಹೊಲಿಗೆಗಳಲ್ಲಿ ಎರಡೂ ಬದಿ ಒಂದೇ ರೀತಿ ಕಾಣುತ್ತವೆ. ಕೈಕಸೂತಿಯೋ ಯಂತ್ರದ್ದೋ ಎಂಬ ಸಂಶಯಕ್ಕೆ ಆ ಒಂದು ಫೋಟೊ ಪುಟಗಟ್ಟಲೆ ವಿವರಣೆಗಿಂತ ಚೆನ್ನಾಗಿ ಉತ್ತರ ಕೊಡುತ್ತದೆ.

ತಾಣಕ್ಕೆ ಏರಿಸುವ ಪ್ರತಿಯ ಉದ್ದನೆಯ ಬದಿ 2000 ಪಿಕ್ಸೆಲ್ ಇದ್ದರೆ ಸಾಕು. ಎಸ್‌ಆರ್‌ಜಿಬಿ ಎಂಬ, ತೆರೆಗಳಿಗೆ ಸಾಮಾನ್ಯವಾದ ಬಣ್ಣದ ವ್ಯವಸ್ಥೆಯಲ್ಲಿ, ಜೆಪೆಗ್ ಅಥವಾ ವೆಬ್‌ಪಿ ರೂಪದಲ್ಲಿ, ಸುಮಾರು 400 ಕೆಬಿ ಒಳಗೆ ಉಳಿಸಿಕೊಂಡರೆ ಮೊಬೈಲ್ ಡೇಟಾದಲ್ಲಿಯೂ ಬೇಗ ತೆರೆಯುತ್ತದೆ. ಮುದ್ರಣಕ್ಕೆ ಒದಗುವ ದೊಡ್ಡ ಮೂಲಪ್ರತಿಯನ್ನು ತಾಣದಲ್ಲಿ ಇಡಬಾರದು. ಫೋನಿನಲ್ಲಿ ತೆಗೆದ ಫೋಟೊದೊಳಗೆ ತೆಗೆದ ಸ್ಥಳದ ಮಾಹಿತಿ ಅಡಗಿರುತ್ತದೆ, ಮನೆಯೇ ಸ್ಟುಡಿಯೊ ಆದವರು ಅದನ್ನು ಅಳಿಸಿ ಏರಿಸಬೇಕು.

ಹೆಸರು, ಜಾಗ ಮತ್ತು ಅವುಗಳ ಕೀಲಿ

ಡೊಮೇನ್ ಎಂದರೆ ತಾಣದ ವಿಳಾಸ, ಹೋಸ್ಟಿಂಗ್ ಎಂದರೆ ಅದರ ಕಡತಗಳು ಇರುವ ಜಾಗ. ಎರಡನ್ನೂ ವರ್ಷಕ್ಕಿಷ್ಟು ಎಂದು ಬಾಡಿಗೆಗೆ ಪಡೆಯಬೇಕು. ಮೊದಲ ವರ್ಷದ ರಿಯಾಯಿತಿ ದರಕ್ಕೆ ಮರುಳಾಗದೆ ಎರಡನೆಯ ವರ್ಷದ ನವೀಕರಣ ದರವನ್ನು ಕೇಳಿ ತಿಳಿದುಕೊಳ್ಳಿ. ವಿಳಾಸಕ್ಕೆ ಕಲಾವಿದರ ಹೆಸರೇ ಉತ್ತಮ, ಡಾಟ್ ಇನ್ ಅಥವಾ ಡಾಟ್ ಕಾಮ್ ಯಾವುದಾದರೂ ಆದೀತು. ಕನ್ನಡ ಹೆಸರುಗಳನ್ನು ರೋಮನ್ ಲಿಪಿಯಲ್ಲಿ ಎರಡು ಮೂರು ಬಗೆಯಲ್ಲಿ ಬರೆಯುವುದುಂಟು. ಫೋನಿನಲ್ಲಿ ಬಾಯಲ್ಲಿ ಹೇಳಿದರೆ ಕೇಳಿದವರು ತಪ್ಪದೆ ಬರೆದುಕೊಳ್ಳುವಂಥ ಕಾಗುಣಿತವನ್ನೇ ಆರಿಸಬೇಕು.

ಡೊಮೇನನ್ನು ಕಲಾವಿದರ ಸ್ವಂತ ಹೆಸರಿನಲ್ಲಿ, ಸ್ವಂತ ಇಮೇಲ್ ಮತ್ತು ಸ್ವಂತ ಮೊಬೈಲ್ ಸಂಖ್ಯೆಯಿಂದಲೇ ನೋಂದಾಯಿಸಬೇಕು. ಈ ಲೇಖನದಲ್ಲಿ ಬೇರೆ ಯಾವ ಸಲಹೆಯನ್ನು ಬಿಟ್ಟರೂ ಇದನ್ನು ಬಿಡಬೇಡಿ. ತಾಣ ಕಟ್ಟಿಕೊಡುವ ಕಂಪ್ಯೂಟರ್ ಅಂಗಡಿಯವರೋ ಅಕ್ಕನ ಮಗನೋ ತಮ್ಮ ಖಾತೆಯಲ್ಲಿಯೇ ಅದನ್ನು ಕೊಂಡುಬಿಡುವುದು ಸಾಮಾನ್ಯ, ಅದರಲ್ಲಿ ದುರುದ್ದೇಶವೇನೂ ಇರಬೇಕಿಲ್ಲ. ಆದರೆ ಮೂರು ವರ್ಷಗಳ ಬಳಿಕ ಅವರು ಅಂಗಡಿ ಮುಚ್ಚಿದಾಗ ಅಥವಾ ಬೆಂಗಳೂರಿಗೆ ನೌಕರಿಗೆ ಹೋದಾಗ, ವಿಸಿಟಿಂಗ್ ಕಾರ್ಡಿನ ಮೇಲೂ ಕ್ಯಾಟಲಾಗಿನ ಮೇಲೂ ಅಚ್ಚಾದ ವಿಳಾಸ ಕಲಾವಿದರ ಕೈಯಲ್ಲಿ ಇರುವುದಿಲ್ಲ. ಕೆಲಸವನ್ನು ಬೇರೆಯವರಿಂದ ಮಾಡಿಸಿಕೊಳ್ಳಬಹುದು, ಖಾತೆ ಮಾತ್ರ ತಮ್ಮದಾಗಿರಬೇಕು.

ಕಟ್ಟುವ ಸಾಧನದ ವಿಷಯದಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ತಾಂತ್ರಿಕ ಕೆಲಸ ಬೇಡವೆನ್ನುವವರಿಗೆ ವಿಕ್ಸ್, ಶಾಪಿಫೈಗಳಂಥ ಸೇವೆಗಳಿವೆ. ಬಾಡಿಗೆ ಹೆಚ್ಚು, ತೊಂದರೆ ಕಡಿಮೆ. ತಾಣ ಕಟ್ಟುವ ವರ್ಡ್‌ಪ್ರೆಸ್ ತಂತ್ರಾಂಶ ಮತ್ತು ಅದಕ್ಕೆ ಅಂಗಡಿಯ ಸೌಲಭ್ಯ ಸೇರಿಸುವ ವೂಕಾಮರ್ಸ್ ಬಳಸಿದರೆ ಖರ್ಚು ಕಡಿಮೆ, ಆದರೆ ಅಪ್‌ಡೇಟ್ ಮತ್ತು ಬ್ಯಾಕಪ್ ಹೊಣೆ ನಮ್ಮದು. ತಿಂಗಳಿಗೆ ಒಂದೆರಡು ಕೃತಿ ಮಾರುವವರಿಗೆ ಕೊಳ್ಳುವ ವಸ್ತುಗಳನ್ನು ಸೇರಿಸಿಡುವ ಬಂಡಿ (ಕಾರ್ಟ್), ಕೂಪನ್ ಇತ್ಯಾದಿ ಇರುವ ಪೂರ್ಣ ಅಂಗಡಿಯ ಅಗತ್ಯವೇ ಇಲ್ಲ ಎಂಬುದು ನನ್ನ ಅಭಿಪ್ರಾಯ: ಕೃತಿಗಳ ಪುಟ, ವಿಚಾರಣೆಯ ನಮೂನೆ, ಒಪ್ಪಿದ ಮೇಲೆ ಕಳಿಸುವ ಪಾವತಿ ಲಿಂಕ್, ಇಷ್ಟರಿಂದಲೇ ವ್ಯವಹಾರ ನಡೆಯುತ್ತದೆ. ಯಾವುದನ್ನೇ ಆರಿಸಿದರೂ ವಿಳಾಸ ಎಚ್‌ಟಿಟಿಪಿಎಸ್‌ನಿಂದ ಆರಂಭವಾಗಬೇಕು, ಗ್ರಾಹಕರು ತುಂಬುವ ಮಾಹಿತಿ ದಾರಿಯಲ್ಲಿ ಬೇರೆಯವರಿಗೆ ಕಾಣದಂತೆ ಅದು ಕಾಯುತ್ತದೆ. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಪ್ರಮಾಣಪತ್ರ ಉಚಿತವಾದ್ದರಿಂದ ಇದಕ್ಕಾಗಿ ಪ್ರತ್ಯೇಕ ಹಣ ಕೇಳುವವರನ್ನು ಏಕೆಂದು ವಿಚಾರಿಸಬಹುದು.

ಕೃತಿಯ ಪುಟ

ಪ್ರತಿಯೊಂದು ಕೃತಿಗೂ ಪ್ರತ್ಯೇಕ ಪುಟ ಇರಬೇಕು, ಏಕೆಂದರೆ ಆಸಕ್ತರು ಮನೆಯವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದು ಆ ಒಂದು ಪುಟದ ಲಿಂಕನ್ನೇ. ವಿವರಣೆ ಹೇಗಿರಬೇಕೆಂಬುದಕ್ಕೆ ಒಂದು ಕಲ್ಪಿತ ಮಾದರಿ: “ಲಕ್ಕುಂಡಿ, ಕಾಶಿವಿಶ್ವನಾಥ ಗುಡಿಯ ಬಾಗಿಲವಾಡ. 300 ಜಿಎಸ್‌ಎಂ ಹತ್ತಿ ಕಾಗದದ ಮೇಲೆ ಜಲವರ್ಣ. 38 × 56 ಸೆಂ.ಮೀ. ಒಂದೇ ಪ್ರತಿ, ಮುಂಬದಿಯ ಬಲಮೂಲೆಯಲ್ಲಿ ಸಹಿ. ಚೌಕಟ್ಟಿಲ್ಲದೆ ಕಳಿಸಲಾಗುವುದು. ಬೆಳಗಿನ ಓರೆ ಬಿಸಿಲಿನಲ್ಲಿ ಬಳ್ಳಿಯ ಕೆತ್ತನೆಯ ನೆರಳು ಅರ್ಧ ಗಂಟೆಯೊಳಗೆ ಬದಲಾಗುವುದರಿಂದ ಸ್ಥಳದಲ್ಲಿ ಗೆರೆಗಳನ್ನು ಮಾತ್ರ ಬರೆದು, ಬಣ್ಣವನ್ನು ಮನೆಯಲ್ಲಿ ತುಂಬಲಾಗಿದೆ. ಬೆಲೆ 9,500 ರೂಪಾಯಿ, ಅಂಚೆ ವೆಚ್ಚ ಸೇರಿ.” ಚೆಲುವು, ಚೈತನ್ಯ, ಅನುಭೂತಿಗಳ ಮಾತು ಇದರಲ್ಲಿಲ್ಲ, ಕೊಳ್ಳುವವರು ಕೇಳಬಹುದಾದ ಪ್ರಶ್ನೆಗಳಿಗೆ ಉತ್ತರವಿದೆ, ಜೊತೆಗೆ ಬರೆದವರಿಗೆ ಮಾತ್ರ ಗೊತ್ತಿರುವ ಒಂದು ಸಂಗತಿಯಿದೆ.

ಕನ್ನಡದಲ್ಲಿ ಬರೆಯುವವರು ನೆನಪಿಡಬೇಕಾದದ್ದು, ನುಡಿ ಅಥವಾ ಬರಹ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ ಕ್ಯಾಟಲಾಗಿನ ಪಠ್ಯವನ್ನು ಹಾಗೆಯೇ ತಾಣಕ್ಕೆ ಅಂಟಿಸಿದರೆ ಅರ್ಥವಿಲ್ಲದ ರೋಮನ್ ಚಿಹ್ನೆಗಳು ಕಾಣುತ್ತವೆ. ಮೊದಲು ಅದನ್ನು ಎಲ್ಲ ಸಾಧನಗಳೂ ಓದಬಲ್ಲ ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ ಮತ್ತು ಅರ್ಕಾವತ್ತುಗಳು ಸರಿಯಾಗಿ ಬಂದಿವೆಯೇ ಎಂದು ಓದಿ ನೋಡಬೇಕು. ಪಠ್ಯವನ್ನು ಚಿತ್ರದ ರೂಪದಲ್ಲಿ ಹಾಕುವುದು ಸುಲಭವಾದರೂ ಗೂಗಲ್ ಅದನ್ನು ಸರಿಯಾಗಿ ಓದಲಾರದು, ದೃಷ್ಟಿದೋಷವಿರುವವರ ತಂತ್ರಾಂಶವೂ ಓದಲಾರದು. ಕನ್ನಡದ ಜೊತೆಗೆ ಇಂಗ್ಲಿಷ್ ವಿವರಣೆಯೂ ಇದ್ದರೆ ಮಹಾರಾಷ್ಟ್ರದ ಗ್ರಾಹಕರಿಗೂ ತಲುಪುತ್ತದೆ. ಕಲಾವಿದರ ಪರಿಚಯದ ಪುಟ ಪ್ರಶಸ್ತಿಗಳ ಪಟ್ಟಿಯಾಗದೆ, ಎಲ್ಲಿ ಕಲಿತದ್ದು, ಏನು ಬರೆಯುವುದು, ಸ್ಟುಡಿಯೊ ನೋಡಲು ಬರಬಹುದೇ ಎಂಬುದನ್ನು ತಿಳಿಸಿದರೆ ಸಾಕು.

ಬೆಲೆ, ಪಾವತಿ, ತೆರಿಗೆ

“ಬೆಲೆಗೆ ಸಂಪರ್ಕಿಸಿ” ಎಂದು ಬರೆಯುವ ರೂಢಿಯನ್ನು ಬಿಡುವುದು ಒಳ್ಳೆಯದು. ಸಂಕೋಚದ ಗ್ರಾಹಕರು ಸಂಪರ್ಕಿಸುವುದಿಲ್ಲ, ಸಂಪರ್ಕಿಸುವವರು ಚೌಕಾಸಿಗೆಂದೇ ಬರುತ್ತಾರೆ. ಬೆಲೆ ಕಟ್ಟಲು ಚದರ ಇಂಚಿನ ಲೆಕ್ಕ ಸರಳವಾದದ್ದು: 18 × 24 ಇಂಚಿನ ಕ್ಯಾನ್ವಾಸಿಗೆ 432 ಚದರ ಇಂಚು, ಇಂಚಿಗೆ 25 ರೂಪಾಯಿಯಂತೆ 10,800 ರೂಪಾಯಿ, ಚೌಕಟ್ಟು ಬೇರೆ. ದರ ಎಷ್ಟಾದರೂ ಇರಲಿ, ಗ್ಯಾಲರಿಯಲ್ಲಿಯೂ ತಾಣದಲ್ಲಿಯೂ ಒಂದೇ ಇರಬೇಕು. ಗ್ಯಾಲರಿಯ ಕಮಿಷನ್ ಉಳಿಯಿತೆಂದು ತಾಣದಲ್ಲಿ ಇಳಿಸಿದರೆ ಆ ಗ್ಯಾಲರಿ ಮತ್ತೆ ಕರೆಯುವುದಿಲ್ಲ.

ಯುಪಿಐ ಮತ್ತು ಬ್ಯಾಂಕ್ ವರ್ಗಾವಣೆಯಿಂದ ಆರಂಭಿಸಬಹುದು. ಕಾರ್ಡ್ ಪಾವತಿಯೂ ಬೇಕೆಂದರೆ ರೇಜರ್‌ಪೇ, ಕ್ಯಾಶ್‌ಫ್ರೀಗಳಂಥ ಪಾವತಿ ಸೇವೆಗೆ ನೋಂದಾಯಿಸಬೇಕು. ಅವರು ಖಾತೆ ಕೊಡುವ ಮೊದಲು ತಾಣದಲ್ಲಿ ಸಂಪರ್ಕ ವಿಳಾಸ, ನಿಯಮಗಳು, ಖಾಸಗಿತನ, ರವಾನೆ, ಹಣ ವಾಪಸಾತಿ ಕುರಿತ ಪುಟಗಳಿವೆಯೇ ಎಂದು ನೋಡುತ್ತಾರೆ, ಆದ್ದರಿಂದ ಇವನ್ನು ಮೊದಲೇ ಬರೆದಿಡಿ. ಬೇರೆ ತಾಣದಿಂದ ನಕಲು ಮಾಡಿದ ವಾಪಸಾತಿ ನಿಯಮ ಅಪಾಯಕಾರಿ. “ಪಾರ್ಸಲ್ ಬಿಚ್ಚುವಾಗ ವಿಡಿಯೊ ತೆಗೆದಿಡಿ, ಹಾನಿಯಾಗಿದ್ದರೆ 48 ಗಂಟೆಗಳೊಳಗೆ ತಿಳಿಸಿ, ಪೂರ್ಣ ಹಣ ಮರಳಿಸಲಾಗುವುದು” ಎಂಬಷ್ಟು ಸ್ಪಷ್ಟವಾಗಿ ನಿಮ್ಮದೇ ಮಾತಿನಲ್ಲಿರಲಿ.

ಕೈಯಿಂದ ಬರೆದ ಚಿತ್ರಗಳು, ಎಚಿಂಗ್, ಲಿಥೋಗ್ರಾಫ್‌ನಂಥ ಅಚ್ಚುಚಿತ್ರಗಳ ಮೂಲ ಪ್ರತಿಗಳು ಮತ್ತು ಮೂಲ ಶಿಲ್ಪಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರ ಬದಲು ಶೇ 5 ಆಗಿದೆ. ಸರಕನ್ನಷ್ಟೇ ಮಾರುವವರಿಗೆ ರಾಜ್ಯದೊಳಗಿನ ವ್ಯಾಪಾರದಲ್ಲಿ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ನೋಂದಣಿ ಕಡ್ಡಾಯವಲ್ಲ. ಚಿತ್ರಕಲೆಯ ತರಗತಿ ನಡೆಸಿ ಶುಲ್ಕ ಪಡೆಯುವವರಿಗೆ ಸೇವೆಯೂ ಸೇರುವುದರಿಂದ ಮಿತಿ 20 ಲಕ್ಷಕ್ಕೆ ಇಳಿಯುತ್ತದೆ. ಹೊರರಾಜ್ಯಕ್ಕೆ ಮಾರುವವರು ವಹಿವಾಟು ಎಷ್ಟೇ ಇದ್ದರೂ ನೋಂದಾಯಿಸಬೇಕೆಂಬುದು ಸಾಮಾನ್ಯ ನಿಯಮ, ಆದರೆ ಕರಕುಶಲ ವಸ್ತುಗಳಿಗೆ ಷರತ್ತುಬದ್ಧ ವಿನಾಯಿತಿ ಇದೆ. ನಿಮ್ಮ ಕೃತಿ ಅದರಡಿ ಬರುತ್ತದೆಯೇ ಎಂಬುದನ್ನು ಪುಣೆಗೆ ಮೊದಲ ಪಾರ್ಸಲ್ ಹೋಗುವ ಮುನ್ನವೇ ತೆರಿಗೆ ಸಲಹೆಗಾರರಿಂದ ಖಚಿತಪಡಿಸಿಕೊಳ್ಳಿ.

ಕೃತಿಸ್ವಾಮ್ಯದ ಒಂದು ಸೂಕ್ಷ್ಮ

ಚಿತ್ರವನ್ನು ಮಾರಿದರೆ ಅದರ ಕೃತಿಸ್ವಾಮ್ಯ ಮಾರಿದಂತಾಗುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಆ ಹಕ್ಕಿನ ವರ್ಗಾವಣೆ ಲಿಖಿತವಾಗಿಯೇ ಆಗಬೇಕು. ಆದರೆ ಅದೇ ಕಾಯ್ದೆಯ 17ನೆಯ ಸೆಕ್ಷನ್ ಬೇರೊಂದು ಮಾತನ್ನು ಹೇಳುತ್ತದೆ: ಹಣ ಕೊಟ್ಟು ಹೇಳಿ ಬರೆಸಿದ ಚಿತ್ರ ಅಥವಾ ಭಾವಚಿತ್ರದ ಕೃತಿಸ್ವಾಮ್ಯ, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರದ್ದು. ಅಂದರೆ ಮದುವೆಗೋ ಷಷ್ಟ್ಯಬ್ದಿಗೋ ಬರೆದುಕೊಟ್ಟ ಭಾವಚಿತ್ರವನ್ನು ತಾಣದಲ್ಲಿ ಮಾದರಿಯಾಗಿ ತೋರಿಸುವುದಕ್ಕೂ ಅನುಮತಿ ಬೇಕಾದೀತು. ಆರ್ಡರ್ ಪಡೆಯುವಾಗಲೇ “ಕೃತಿಸ್ವಾಮ್ಯ ಕಲಾವಿದರಲ್ಲಿ ಉಳಿಯುತ್ತದೆ, ತಾಣದಲ್ಲಿ ಪ್ರದರ್ಶಿಸಬಹುದು” ಎಂಬ ಎರಡು ಸಾಲಿಗೆ ಒಪ್ಪಿಗೆಯ ಸಹಿ ಪಡೆದರೆ ಸಮಸ್ಯೆಯಿಲ್ಲ. ಇನ್ನೊಬ್ಬರು ತೆಗೆದ ಛಾಯಾಚಿತ್ರ ನೋಡಿ ಬರೆದ ಚಿತ್ರವನ್ನು ಅವರ ಅನುಮತಿ ಇಲ್ಲದೆ ಮಾರಾಟಕ್ಕೆ ಇಡದಿರುವುದು ಕ್ಷೇಮ.

ಕಳಿಸುವ ಕೆಲಸ

ರವಾನೆಯ ವೆಚ್ಚ ಲೆಕ್ಕ ಹಾಕದೆ ಬೆಲೆ ನಿಗದಿ ಮಾಡಿದರೆ ಲಾಭವೆಲ್ಲ ಕೊರಿಯರ್‌ಗೆ ಹೋಗುತ್ತದೆ. ಹಗುರವಾದರೂ ದೊಡ್ಡದಾದ ಪಾರ್ಸಲ್‌ಗೆ ಗಾತ್ರದ ತೂಕ ಹಿಡಿಯುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುವುದು ರೂಢಿಯಲ್ಲಿರುವ ಲೆಕ್ಕ. 70 × 55 × 10 ಸೆಂ.ಮೀ. ಪೆಟ್ಟಿಗೆಗೆ ಇದು 7.7 ಕಿಲೊ ಆಗುತ್ತದೆ, ಒಳಗಿನ ಚಿತ್ರ ಎರಡೇ ಕಿಲೊ ಇದ್ದರೂ. ಅದೇ ಕ್ಯಾನ್ವಾಸನ್ನು ಚೌಕಟ್ಟಿನಿಂದ ಬಿಡಿಸಿ ಸುರುಳಿ ಸುತ್ತಿ 60 ಸೆಂ.ಮೀ. ಉದ್ದ, 12 ಸೆಂ.ಮೀ. ಅಗಲದ ಕೊಳವೆಯಲ್ಲಿ ಕಳಿಸಿದರೆ ಎರಡು ಕಿಲೊ ಒಳಗೇ ಮುಗಿಯುತ್ತದೆ. ಸುರುಳಿಯನ್ನು ಬಣ್ಣದ ಬದಿ ಹೊರಗೆ ಬರುವಂತೆ, ಬಟರ್ ಪೇಪರ್ ಮುಚ್ಚಿ, ಸಡಿಲವಾಗಿ ಸುತ್ತಬೇಕು. ಬಣ್ಣದ ಬದಿ ಒಳಗಾದರೆ ಪದರ ಅದುಮಿಕೊಂಡು ಸುಕ್ಕುಗಟ್ಟುತ್ತದೆ. ಪಿವಿಸಿ ಪೈಪಿನ ತುಂಡು ರಟ್ಟಿನ ಕೊಳವೆಗಿಂತ ಗಟ್ಟಿ, ಮಳೆಗಾಲದಲ್ಲಿ ಅದೇ ಬೇಕು. ದಪ್ಪ ಲೇಪನದ ತೈಲವರ್ಣವನ್ನಾಗಲಿ ಪೂರ್ತಿ ಒಣಗದ್ದನ್ನಾಗಲಿ ಸುತ್ತಬಾರದು.

ಕಾಗದದ ಮೇಲಿನ ಕೃತಿಗಳನ್ನು ಅವುಗಳಿಗಿಂತ ಎರಡು ಇಂಚು ದೊಡ್ಡದಾದ ಎರಡು ಹಾರ್ಡ್‌ಬೋರ್ಡ್‌ಗಳ ನಡುವೆ ಇಟ್ಟು ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ಕಳಿಸಬಹುದು. ಗಾಜು ಹಾಕಿದ್ದನ್ನು ಕಳಿಸಲೇಬೇಡಿ: ಒಡೆದ ಗಾಜು ತಾನು ಹೋಗುವುದಲ್ಲದೆ ಚಿತ್ರವನ್ನೂ ಕೊಯ್ಯುತ್ತದೆ. ಸ್ಪೀಡ್ ಪೋಸ್ಟ್ 35 ಕಿಲೊವರೆಗೆ ಒಯ್ಯುತ್ತದೆ, ಸಣ್ಣ ಊರುಗಳಿಗೂ ತಲುಪುತ್ತದೆ. ವಿಮೆ ಮಾಡಿಸಿ, ಕಟ್ಟುವ ಪ್ರತಿ ಹಂತದ ಫೋಟೊ ಇಟ್ಟುಕೊಂಡು, ಟ್ರ್ಯಾಕಿಂಗ್ ಸಂಖ್ಯೆಯನ್ನು ಅದೇ ದಿನ ಗ್ರಾಹಕರಿಗೆ ತಿಳಿಸಿ. ಕೃತಿಯ ಜೊತೆ ಸಹಿ ಮಾಡಿದ ದೃಢೀಕರಣ ಪತ್ರ ಮತ್ತು ಬಿಲ್ಲು ಹೋಗಲಿ.

ಮೋಸದ ಗಿರಾಕಿಗಳು

ತಾಣ ಆರಂಭವಾದ ಕೆಲವೇ ವಾರಗಳಲ್ಲಿ ಒಂದು ಬಗೆಯ ಇಮೇಲ್ ಬರುವುದು ಹೆಚ್ಚುಕಡಿಮೆ ಖಚಿತ. ಹೆಂಡತಿ ನಿಮ್ಮ ಚಿತ್ರಗಳನ್ನು ನೋಡುತ್ತಿದ್ದಳು, ಮದುವೆಯ ವಾರ್ಷಿಕೋತ್ಸವಕ್ಕೆ ಆಕೆಗೆ ತಿಳಿಯದಂತೆ ಒಂದನ್ನು ಕೊಡಬೇಕು ಎನ್ನುವ ವಿದೇಶದ ಸಜ್ಜನರು ಯಾವ ಚಿತ್ರವೆಂದು ಹೇಳುವುದಿಲ್ಲ, ಚೌಕಾಸಿ ಮಾಡುವುದಿಲ್ಲ. ಮುಂದೆ ಬೆಲೆಗಿಂತ ಹೆಚ್ಚಿನ ಮೊತ್ತದ ಚೆಕ್ ಕಳಿಸಿ, ಹೆಚ್ಚುವರಿ ಹಣವನ್ನು ತಮ್ಮ ಸಾಗಣೆದಾರನಿಗೆ ಕೊಡಿ ಎನ್ನುತ್ತಾರೆ. ಚೆಕ್ ಬೌನ್ಸ್ ಆಗುತ್ತದೆ, ಕೊಟ್ಟ ಹಣ ಹೋಗಿರುತ್ತದೆ. ದೇಶದೊಳಗಿನ ಆವೃತ್ತಿಯಲ್ಲಿ ಸೇನಾಧಿಕಾರಿ ಎಂದು ಹೇಳಿಕೊಳ್ಳುವವರು ಹಣ ಕಳಿಸಲು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಎನ್ನುತ್ತಾರೆ. ಹಣ ಪಡೆಯಲು ಯುಪಿಐ ಪಿನ್ ಒತ್ತುವ ಅಗತ್ಯ ಎಂದಿಗೂ ಇಲ್ಲ. ಪಾವತಿಯ ಸ್ಕ್ರೀನ್‌ಶಾಟ್ ಪುರಾವೆಯಲ್ಲ, ಬ್ಯಾಂಕ್ ಖಾತೆಯಲ್ಲಿ ಹಣ ಕಂಡ ಮೇಲೆಯೇ ಕಟ್ಟಲು ಆರಂಭಿಸಬೇಕು. ಹಣ ಕಳೆದುಕೊಂಡರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಜನರಿಗೆ ಸಿಗುವುದು

ಗೂಗಲ್ ಹುಡುಕಾಟದಲ್ಲಿ ಸಿಗಲು ತಾಣವನ್ನು ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ನೋಂದಾಯಿಸಿ ಸೈಟ್‌ಮ್ಯಾಪ್, ಅಂದರೆ ತಾಣದ ಪುಟಗಳ ಪಟ್ಟಿ, ಕೊಡಬೇಕು, ಸ್ಟುಡಿಯೊಕ್ಕೆ ಜನ ಬರಬಹುದೆಂದಾದರೆ ಗೂಗಲ್ ನಕ್ಷೆಯಲ್ಲಿಯೂ ಸೇರಿಸಬೇಕು. ಪ್ರತಿ ಫೋಟೊಗೆ ಪರ್ಯಾಯ ಪಠ್ಯವಾಗಿ (ಗೂಗಲ್ ಓದುವ, ಫೋಟೊದ ಹಿಂದಿನ ಬರಹ) ವಿಷಯ, ಮಾಧ್ಯಮ, ಊರಿನ ಹೆಸರು ಬರೆಯಿರಿ. ಹುಡುಕುವವರು “ಚಿತ್ರ” ಎಂದಷ್ಟೇ ಹುಡುಕುವುದಿಲ್ಲ, ಉಣಕಲ್ ಕೆರೆಯ ಚಿತ್ರ, ಧಾರವಾಡ ಕಸೂತಿಯ ಸೀರೆ, ನವಲಗುಂದದ ಜಮಖಾನ ಎಂದು ಹುಡುಕುತ್ತಾರೆ. ಇನ್‌ಸ್ಟಾಗ್ರಾಮ್ ಬಿಡಬೇಕಿಲ್ಲ, ಅಲ್ಲಿ ನೋಡಿದವರನ್ನು ತಾಣಕ್ಕೆ ಕರೆತರುವ ಲಿಂಕ್ ಇದ್ದರಾಯಿತು.

ನಿರ್ವಹಣೆ

ತಾಣ ಕಟ್ಟುವ ಉತ್ಸಾಹ ಎಲ್ಲರಲ್ಲೂ ಇರುತ್ತದೆ. ಎರಡು ವರ್ಷಗಳ ಹಿಂದಿನ ಪ್ರದರ್ಶನದ ಆಹ್ವಾನವನ್ನು ಮುಖಪುಟದಲ್ಲಿ ಹೊತ್ತು ನಿಂತ ತಾಣಗಳೂ ಅಷ್ಟೇ ಇವೆ. ಹಳೆಯ ಆಹ್ವಾನ ನೋಡಿದವರು ಈ ಕಲಾವಿದರು ಈಗ ಬರೆಯುತ್ತಿಲ್ಲವೆಂದೇ ತಿಳಿಯುತ್ತಾರೆ. ಮಾರಾಟವಾದ ಕೃತಿಯ ಪುಟವನ್ನು ಅಳಿಸದೆ “ಮಾರಾಟವಾಗಿದೆ” ಎಂದು ಗುರುತಿಸಿ: ಜನ ಕೊಳ್ಳುತ್ತಿದ್ದಾರೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ, ಹಳೆಯ ಲಿಂಕುಗಳೂ ಕೆಡುವುದಿಲ್ಲ.

ತಿಂಗಳಿಗೊಮ್ಮೆ ವರ್ಡ್‌ಪ್ರೆಸ್ ಮತ್ತು ಅದಕ್ಕೆ ಸೇರಿಸಿದ ಪ್ಲಗಿನ್‌ಗಳ (ಹೆಚ್ಚುವರಿ ತಂತ್ರಾಂಶಗಳ) ಅಪ್‌ಡೇಟ್ ಮಾಡಿ, ಅದಕ್ಕೂ ಮೊದಲು ಬ್ಯಾಕಪ್ ತೆಗೆದುಕೊಳ್ಳಿ. ಬಳಸದ ಪ್ಲಗಿನ್‌ಗಳನ್ನು ತೆಗೆದುಹಾಕಿ, ಲಾಗಿನ್‌ಗೆ ಎರಡು ಹಂತದ ಪರಿಶೀಲನೆ ಇಡಿ. ಬ್ಯಾಕಪ್‌ನ ಒಂದು ಪ್ರತಿ ಹೋಸ್ಟಿಂಗ್ ಜಾಗದ ಹೊರಗೆ, ಮನೆಯ ಹಾರ್ಡ್ ಡಿಸ್ಕಿನಲ್ಲಿ ಇರಬೇಕು. ವಿಚಾರಣೆಯ ನಮೂನೆಯನ್ನು ನೀವೇ ತುಂಬಿ ಕಳಿಸಿ ಇಮೇಲ್ ಬರುತ್ತದೆಯೇ ಎಂದು ಆಗಾಗ ಪರೀಕ್ಷಿಸಿ. ನಮೂನೆ ಸದ್ದಿಲ್ಲದೆ ಕೆಟ್ಟು ನಿಂತರೆ ಗಿರಾಕಿಗಳು ಬರುತ್ತಿಲ್ಲವೆಂದು ಕೊರಗುತ್ತಾ ಕುಳಿತಿರಬೇಕಾಗುತ್ತದೆ. ಡೊಮೇನ್ ನವೀಕರಣದ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿಯೂ ಬರೆದಿಡಿ, ಏಕೆಂದರೆ ಅವಧಿ ಮೀರಿ ಕೈತಪ್ಪಿದ ವಿಳಾಸವನ್ನು ಬೇರೆ ಯಾರಾದರೂ ಕೊಳ್ಳಬಹುದು.

ಕೃತಿಸ್ವಾಮ್ಯ ಕಲಾವಿದರ ಕಾಲಾನಂತರವೂ 60 ವರ್ಷ ಮನೆಯವರಿಗೆ ಉಳಿಯುತ್ತದೆ. ಆದ್ದರಿಂದ ಡೊಮೇನ್ ಯಾರಲ್ಲಿ ನೋಂದಣಿಯಾಗಿದೆ, ಹೋಸ್ಟಿಂಗ್ ಎಲ್ಲಿದೆ, ಅವುಗಳಿಗೆ ಕೊಟ್ಟ ಇಮೇಲ್ ಮತ್ತು ಮೊಬೈಲ್ ಯಾವುದು, ಮೂಲ ಫೋಟೊಗಳ ಡಿಸ್ಕ್ ಯಾವ ಕಪಾಟಿನಲ್ಲಿದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಮನೆಯ ಒಬ್ಬರಿಗಾದರೂ ತೋರಿಸಿರಬೇಕು. ಪಾಸ್‌ವರ್ಡ್ ಬದಲಿಸಿದ ದಿನ ಆ ಹಾಳೆಯನ್ನೂ ತಿದ್ದಬೇಕು.